ಶಿವಕಾಂತಕ್ಕ ಎತ್ತರದ ರಿಂಗು ತಂದದ್ದು

ನಮ್ಮ ಮನೆಗೆ ಮೂರು ವರ್ಷದಲ್ಲಿ ಮೂರು ಮಿಕ್ಸರ್ ಬಂದವು. ಮೂರನ್ನೂ ನನ್ನ ನೆಗೆಣ್ಣಿ ಶಿವಕಾಂತಕ್ಕ ಬಂದೂಕು ಹೊಡೆದು ಗೆದ್ದು ತಂದಳು. ಇದನ್ನು ಹೇಳಿದರೆ ಅತನೂರಿನ ನನ್ನ ತವರಿನವರು ಇವತ್ತಿಗೂ ನಂಬುವುದಿಲ್ಲ. ನಂಬದಿದ್ದರೆ ಬಿಡಲಿ. ಒಂದು ಮಿಕ್ಸರ್ ಅಕ್ಕನ ಅಡುಗೆಮನೆ ಸೇರಿತು, ಇನ್ನೊಂದು ಆಕೆಯ ಮಗಳು ಸಪ್ನಾಳ ಗಂಡನ ಮನೆಗೆ ಹೋಯಿತು, ಮೂರನೆಯದನ್ನು ಮಠದ ಅಡುಗೆಗೆ ಕೊಟ್ಟಳು. ನಾಲ್ಕನೆಯದು ನನಗೆಂದು ಮಾತಾಗಿತ್ತು. ಮಾತಾಗಿತ್ತು ಎಂದರೆ, ನಾನು ಕೇಳಿದ್ದೆ, ಆಕೆ ಇಲ್ಲ ಎಂದಿರಲಿಲ್ಲ.

ಶಿವಕಾಂತಕ್ಕ ನನ್ನ ಗಂಡನ ಅಣ್ಣ ಜಗದೇವ ಭಾವನವರ ಹೆಂಡತಿ. ಕರಜಗಿಯಲ್ಲಿ ನಮ್ಮದು ಒಂದೇ ಮನೆ, ಎರಡು ಒಲೆ. ಅಕ್ಕನಿಗೆ ಐವತ್ತು ದಾಟಿದೆ; ಎಷ್ಟು ದಾಟಿದೆ ಎಂದು ಕೇಳುವ ಧೈರ್ಯ ನನಗಿಲ್ಲ. ತವರು ಆಳಂದ ಕಡೆಯ ಖಜೂರಿ. ಆ ಗಡಿ ಊರಿನ ಹೆಣ್ಣುಮಕ್ಕಳಿಗೆ ಬೈಯಲು ಒಂದು ಭಾಷೆ ಸಾಲದಿದ್ದರೆ ಮರಾಠಿಯೂ ಕೈಗೆ ಸಿಗುತ್ತದೆ. ಆಕೆಯ ಅಪ್ಪ ಸೈದಪ್ಪನವರು ಜೋಳದ ಹೊಲಕ್ಕೆ ನುಗ್ಗುವ ಹಂದಿಗಳನ್ನು ಬೆದರಿಸಲು ಒಂದು ರೈಫಲ್ ಇಟ್ಟುಕೊಂಡಿದ್ದರು. ಗಂಡುಮಕ್ಕಳಿರಲಿಲ್ಲ. ಅವರು ಹೋದ ಮೇಲೆ ಬಂದೂಕೂ ಲೈಸೆನ್ಸೂ ಮಗಳ ಹೆಸರಿಗೆ ಬಂದವು. ಬೇರೆಯವರ ತವರಿನಿಂದ ಹಬ್ಬಕ್ಕೆ ಸೀರೆ ಬರುತ್ತದೆ, ನಮ್ಮ ಅಕ್ಕನ ತವರಿನಿಂದ ಬಂದೂಕು ಬಂತು. ಅವತ್ತಿನಿಂದ ಭಾವನವರು ಊಟಕ್ಕೆ ಕರೆದ ಕೂಡಲೇ ಬರುವುದನ್ನು ಕಲಿತರು ಎಂದು ಊರಲ್ಲಿ ಆಡಿಕೊಳ್ಳುತ್ತಾರೆ. ಅದು ಸುಳ್ಳು. ಅವರು ಮೊದಲಿನಿಂದಲೂ ಊಟಕ್ಕೆ ಕರೆಯುವ ಮುಂಚೆಯೇ ಬರುವವರು.

ಜೇವರ್ಗಿ ಕಡೆ ಕಲ್ಲು ತೆಗೆದು ಬಿಟ್ಟ ಒಂದು ಹಳೆಯ ಖಣಿ ಇದೆ. ಸೈನ್ಯದಿಂದ ನಿವೃತ್ತರಾದ ಕೆಲವರು ಸರ್ಕಾರದ ಅನುಮತಿ ಪಡೆದು ಅಲ್ಲಿ ಗುರಿ ಹೊಡೆಯುವ ಕ್ಲಬ್ಬು ನಡೆಸುತ್ತಾರೆ. ಗುರುನಾಥ ಹವಾಲ್ದಾರರು ಅದರ ಕಾರ್ಯದರ್ಶಿ. ಒಳ್ಳೆಯ ಮನುಷ್ಯ, ಮೀಸೆ ಮಾತ್ರ ಸ್ವಲ್ಪ ಜಾಸ್ತಿ. ವರ್ಷಕ್ಕೊಮ್ಮೆ ಸ್ಪರ್ಧೆ ಇಡುತ್ತಾರೆ. ಗಂಡಸರಿಗೆ ನೂರು ಮೀಟರು, ಮುನ್ನೂರು ಮೀಟರು. ಮಹಿಳೆಯರಿಗೆ ನೂರು ಮೀಟರು ಮಾತ್ರ. ಮಹಿಳೆಯರು ಎಂದರೆ ಯಾರು? ನಮ್ಮ ಅಕ್ಕ ಒಬ್ಬಳೇ. ನಿಂತು ಹೊಡೆಯುತ್ತಿದ್ದಳು, ಕಾಗದದ ನಡುವಿಗೆ ಬೀಳುತ್ತಿತ್ತು, ಚಪ್ಪಾಳೆ, ಶಾಲು, ಮಿಕ್ಸರ್.

ಮೂರನೆಯ ಮಿಕ್ಸರ್ ಬಂದ ದಿನ ಆಕೆ ಜೀಪಿನಲ್ಲಿ ಡಬ್ಬಿಯನ್ನು ನನ್ನ ತೊಡೆಯ ಮೇಲಿಟ್ಟು ಆಚೆ ಮುಖ ಮಾಡಿ ಕೂತಳು. ನಾನು ಖುಷಿಯಿಂದ ಡಬ್ಬಿಯ ಮೇಲಿನ ಚಿತ್ರ ನೋಡುತ್ತಿದ್ದೆ.

"ನಾಗರತ್ನಾ, ನಾ ಯಾರನ್ನ ಸೋಲಿಸೇನಿ ಹೇಳ ಬೇ?" ಎಂದಳು.

"ಯಾರನ್ನರೆ ಸೋಲಿಸ್ರಿ, ಗೆದ್ದಿರಲ್ಲ."

"ಯಾರೂ ಇದ್ದಿಲ್ಲ. ನಾ ಆಕಳಿಸಿದ್ರೂ ಮೊದಲನೇ ಬಹುಮಾನ ಕೊಡತಿದ್ರು. ಸೋಲಾಕ ಒಂದ್ ಜಾಗ ಇಲ್ಲಂದ್ರ ಅದೆಂಥಾ ಆಟ?"

ಅವಳ ಕಣ್ಣಲ್ಲಿ ನೀರಿತ್ತು. ಮಿಕ್ಸರ್ ಗೆದ್ದು ಅಳುವವಳನ್ನು ನಾನು ಮೊದಲ ಸಲ ನೋಡಿದ್ದು. ನನಗೆ ಸಿಟ್ಟೂ ಬಂತು, ಪಾಪ ಎಂದೂ ಅನಿಸಿತು.

ಮರುದಿನವೇ ಆಕೆ ಹವಾಲ್ದಾರರಿಗೆ ಫೋನು ಹಚ್ಚಿದಳು. ಮುಂದಿನ ಸಲ ಗಂಡಸರ ಜೊತೆ ಮುನ್ನೂರು ಮೀಟರಿಗೆ ನಿಲ್ಲುತ್ತೇನೆ ಎಂದಳು. ಅವರು ಅತ್ತ ಇತ್ತ ಕೆಮ್ಮಿ ಕೊನೆಗೆ ಒಪ್ಪಿದರು, ಆದರೆ ಷರತ್ತು ಹಾಕಿದರು. ಸ್ಪರ್ಧೆಯ ಮುಂಜಾನೆ ಎಲ್ಲರಿಗೂ ಮೂರು ಗುಂಡು ಪರೀಕ್ಷೆಗೆ ಕೊಡುತ್ತಾರೆ. ಮೂರೂ ಕಾಗದದ ಮೇಲೆ ಬಿದ್ದರೆ ಸ್ಪರ್ಧೆಗೆ ಸೇರಬಹುದು. ಒಂದು ತಪ್ಪಿದರೂ ಅಕ್ಕ ಮತ್ತೆ ಮುನ್ನೂರು ಮೀಟರಿನ ಹೆಸರು ಎತ್ತಬಾರದು, ನೂರು ಮೀಟರಿನಲ್ಲೇ ಸುಖವಾಗಿರಬೇಕು. ಅಕ್ಕ ಆಗಲಿ ಎಂದಳು. ಹೀಗೆ ಅವಳ ಬಾಕಿ ಆಯುಷ್ಯವೆಲ್ಲ ಮಿಕ್ಸರ್ ಗೆಲ್ಲುವುದೋ ಬಿಡುವುದೋ ಎಂಬುದು ಆ ಮೂರು ಗುಂಡಿಗೆ ಬಂದು ನಿಂತಿತು.

ಮುನ್ನೂರು ಮೀಟರಿಗೆ ಬರಿಗಣ್ಣು ಸಾಲದು, ದುರ್ಬೀನು ಬೇಕು. ದುರ್ಬೀನೇನೋ ಬಂತು. ಅದನ್ನು ಬಂದೂಕಿನ ಬೆನ್ನ ಮೇಲೆ ಕೂರಿಸಲು ಎರಡು ರಿಂಗುಗಳನ್ನು ಬೇರೆಯಾಗಿ ಕೊಳ್ಳಬೇಕು ಎಂದು ಆಮೇಲೆ ಗೊತ್ತಾಯಿತು. ಕೆಳಗೆ ಬಂದೂಕನ್ನು ಕಚ್ಚಿ ಹಿಡಿದು, ಮೇಲೆ ದುರ್ಬೀನಿನ ಕೊಳವೆಯನ್ನು ಅಪ್ಪಿಕೊಳ್ಳುವ ಎರಡು ಕಬ್ಬಿಣದ ಬಳೆ ಅಷ್ಟೇ. ಅವುಗಳಲ್ಲಿ ಗಿಡ್ಡವು, ನಡುವಿನವು, ಎತ್ತರದವು ಅಂತ ಮೂರು ಜಾತಿ. ಬಳೆಗಾರನ ಹತ್ತಿರವೂ ಇಷ್ಟು ತಕರಾರು ಇರುವುದಿಲ್ಲ.

"ಎಷ್ಟ್ ಗಿಡ್ಡ ಇರ್ತದ ಅಷ್ಟ್ ಚಲೋರಿ ಅಕ್ಕಾರೆ," ಎಂದರು ಹವಾಲ್ದಾರರು ಫೋನಿನಲ್ಲಿ. "ದುರ್ಬೀನಿನ ಮುಂದಿನ ಗಾಜು ಬಂದೂಕಿನ ನಳಗಿಗೆ ತಾಗಬಾರ್ದು, ಅಷ್ಟ್ ನೋಡ್ಕೊಳ್ರಿ. ಗಲ್ಲ ಕಟ್ಟಿಗಿಗೆ ಗಟ್ಟಿ ಹತ್ತಬೇಕು, ಕಣ್ಣು ದುರ್ಬೀನಿಗೆ ತಾನೇ ಹೋಗಿ ನಿಲ್ಲಬೇಕು. ಮುನ್ನೂರಕ್ಕ ಎಲ್ಲಾರೂ ಬೋರಲ ಮಲಗೇ ಹೊಡಿತಾರ, ಒಮ್ಮೆ ಮಲಗಿ ನೋಡ್ರಿ, ತಿಳಿತದ."

ಇಲ್ಲಿಂದಲೇ ನಮ್ಮ ಮೂರ್ಖತನ ಶುರುವಾಯಿತು. ಕಲಬುರ್ಗಿಯ ಶರಫುದ್ದೀನ ಸಾಹೇಬರ ಬಂದೂಕಿನ ಅಂಗಡಿಯಿಂದ ಭಾವನವರು ಮೂರೂ ಜಾತಿಯ ರಿಂಗು ತಂದರು. ಬೇಡವಾದದ್ದನ್ನು ವಾಪಸ್ ಕೊಡುವ ಮಾತಿತ್ತು. ಈಗ ಮಲಗಿ ನೋಡಬೇಕು. ಆದರೆ ಮಲಗುವವರು ಯಾರು? ಕಟ್ಟೆಯ ಮೇಲೆ ನಮ್ಮ ಮಾವನವರ ಅಣ್ಣ ದೊಡ್ಡಮಾವನವರು ಕೂತಿದ್ದಾರೆ, ಬಾಗಿಲಲ್ಲಿ ಇಬ್ಬರು ನೆರೆಯವರು ನಿಂತಿದ್ದಾರೆ. ಮನೆಯ ಹಿರಿಸೊಸೆ ಅಂಗಳದ ನಡುವೆ ಬೋರಲು ಬೀಳುವುದುಂಟೇ? ಅಕ್ಕ ಸೆರಗು ಸರಿಮಾಡಿಕೊಂಡು ಗಂಡನ ಕಡೆ ನೋಡಿದಳು. ಭಾವನವರು ಚಾಪೆ ಹಾಸಿಕೊಂಡು ಬಿದ್ದೇಬಿಟ್ಟರು. ಮಲಗುವ ಕೆಲಸಕ್ಕೆ ಅವರು ಎಂದೂ ಹಿಂದೆ ಸರಿದವರಲ್ಲ.

ಖಾಲಿ ಬಂದೂಕನ್ನು ಕೈಗೆ ಕೊಟ್ಟು, ಒಂದೊಂದು ಜೋಡಿ ರಿಂಗು ಹಾಕಿ ತೆಗೆದು ನೋಡಿದ್ದಾಯಿತು. ಎತ್ತರದ್ದಕ್ಕೆ ಭಾವನವರ ಗಲ್ಲ ಗಾಳಿಯಲ್ಲಿ ತೇಲಿತು. ನಡುವಿನದಕ್ಕೆ "ಪರವಾಗಿಲ್ಲ" ಎಂದರು. ಗಿಡ್ಡದ್ದು ಹಾಕಿದಾಗ ಅವರ ಮುಖ ಅರಳಿತು.

"ಬೇವಿನ ಗಿಡದಾಗಿನ ಇರುವಿ ಕಾಣಾಕತ್ತದ. ಇದೇ ಇರಲಿ. ಭಾರಿ ಸುಖ ಅದ," ಎಂದವರು ಹಾಗೇ ಕಣ್ಣು ಮುಚ್ಚಿದರು. ನಾವು ಬಂದೂಕು ಬಿಡಿಸಿಕೊಳ್ಳುವಷ್ಟರಲ್ಲಿ ಗೊರಕೆ ಬಂತು.

ಹೊಡೆಯುವವಳು ಅಕ್ಕ, ಅಳತೆ ಕೊಟ್ಟವರು ಭಾವ. ಇದು ತಪ್ಪು ಎಂದು ಆ ಅಂಗಳದಲ್ಲಿದ್ದ ಒಬ್ಬರಿಗೂ ಹೊಳೆಯಲಿಲ್ಲ. ನನಗೂ ಹೊಳೆಯಲಿಲ್ಲ ಎಂದು ಹೇಳಲು ನನಗೇನೂ ನಾಚಿಕೆಯಿಲ್ಲ, ನಾನು ಆಗ ರೊಟ್ಟಿ ಬಡಿಯುತ್ತಿದ್ದೆ.

ಸ್ಪರ್ಧೆಗೆ ಇನ್ನೂ ಎರಡು ವಾರ ಇದ್ದಾಗ ಖಣಿಯಲ್ಲಿ ಅಭ್ಯಾಸಕ್ಕೆ ಹೋದೆವು. ದೂರದಲ್ಲಿ ಬಾಗಿಲಿನಷ್ಟು ದೊಡ್ಡ ಕಾಗದ ಅಂಚೆಚೀಟಿಯಷ್ಟು ಕಾಣುತ್ತಿತ್ತು. ಹವಾಲ್ದಾರರು ಚಾಪೆ ತೋರಿಸಿದರು. ಅಕ್ಕ ಮಂಡಿಯೂರಿ ಬಗ್ಗಿದಳು. ಬಗ್ಗಿದವಳ ಕೈ ತಾನಾಗಿ ಎದೆಗೆ ಹೋಯಿತು. ಅಲ್ಲಿಗೇ ನಿಂತುಬಿಟ್ಟಳು.

ಎದೆಯ ಮೇಲೆ ಲಿಂಗ ಇತ್ತು. ಅದು ನಮ್ಮ ಮನೆಯಲ್ಲಿ ಎಲ್ಲರಿಗೂ ಇದೆ, ನನಗೂ ಇದೆ. ಆದರೆ ಅಕ್ಕನ ಲೆಕ್ಕವೇ ಬೇರೆ. ದೀಕ್ಷೆ ಕೊಡಿಸಿದ ದಿನ ಅವಳ ಅಜ್ಜಿ, ಎದೆಯ ಮೇಲಿನದು ನೆಲಕ್ಕೆ ತಾಗಬಾರದು ಎಂದಿದ್ದಳಂತೆ. ಅಂದಿನಿಂದ ಅಕ್ಕ ನಿದ್ದೆಯಲ್ಲೂ ಬೋರಲು ಮಲಗಿದವಳಲ್ಲ. ಇಷ್ಟು ವರ್ಷ ನಿಂತು ಹೊಡೆದಿದ್ದರಿಂದ ಈ ಪ್ರಶ್ನೆಯೇ ಎದ್ದಿರಲಿಲ್ಲ.

"ಅಕ್ಕಾರೆ, ಒಂದ್ ಹತ್ತ್ ಮಿನಿಟಿನ ಮಾತು. ಬೆನ್ನಿಗೆ ಸರಿಸ್ಕೊಳ್ರಿ," ಎಂದರು ಹವಾಲ್ದಾರರು ಮೆತ್ತಗೆ.

"ನಿಮ್ಮದೆಲ್ಲದ್ರಿ ಹವಾಲ್ದಾರ್ ಸಾಹೇಬ್ರೇ?"

ಅವರು ಕೊರಳು ಮುಟ್ಟಿ ನೋಡಿಕೊಂಡರು. "ನಂದು ಮನ್ಯಾಗ ಜಗಲಿ ಮ್ಯಾಲ ಅದರಿ."

"ಅದು ಅಲ್ಲಿರಲಿ, ನಂದು ಇಲ್ಲಿರಲಿ. ನಾ ಕುಂತು ಹೊಡಿತೇನಿ. ಕುಂತು ಹೊಡಿಬಾರ್ದು ಅಂತ ನಿಮ್ಮ ಕಾಯ್ದೆದಾಗ ಅದೇನು?"

ಕಾಯ್ದೆಯಲ್ಲಿ ಹಾಗೇನೂ ಇರಲಿಲ್ಲ. ಅಕ್ಕ ಚಕ್ಕಳಮಕ್ಕಳ ಹಾಕಿ ಕೂತು, ಮೊಣಕೈಗಳನ್ನು ಮೊಣಕಾಲಿಗೆ ಆನಿಸಿ ಬಂದೂಕು ಎತ್ತಿದಳು. ಈಗ ಭಾವನವರ ಸುಖದ ಗಿಡ್ಡ ರಿಂಗು ತನ್ನ ಗುಣ ತೋರಿಸಿತು. ನೆಟ್ಟಗೆ ಕೂತವಳ ಕಣ್ಣಿಗೆ ದುರ್ಬೀನು ಕೆಳಗೆಲ್ಲೋ ಉಳಿಯಿತು. ಕತ್ತು ಬಗ್ಗಿಸಿದಳು, ಕಪ್ಪು ನೆರಳು ಬಂತು. ಇನ್ನಷ್ಟು ಬಗ್ಗಿಸಿ ಕಣ್ಣನ್ನು ಹತ್ತಿರ ಒಯ್ದಳು, ಸೆರಗು ಜಾರಿ ದುರ್ಬೀನಿನ ಗಾಜಿನ ಮೇಲೆ ಬಿತ್ತು. ಸೆರಗು ಕಟ್ಟಿಕೊಂಡು ಮತ್ತೆ ಬಗ್ಗಿ ಬೆರಳಿನಿಂದ ಬಂದೂಕಿನ ಕುದುರೆ ಒತ್ತಿದಳು. ಬಂದೂಕು ಹಿಂದಕ್ಕೆ ಒದೆಯಿತು, ದುರ್ಬೀನಿನ ಅಂಚು ಬಂದು ಹುಬ್ಬಿಗೆ ಬಡಿಯಿತು. ಗುಂಡು ಎಲ್ಲಿ ಹೋಯಿತೋ, ಕಾಗದದ ಮೇಲಂತೂ ಇರಲಿಲ್ಲ.

ವಿಭೂತಿಯ ಕೆಳಗೆ ಅರ್ಧಚಂದ್ರದ ಹಾಗೆ ಕೆಂಪು ಗಾಯ ಮೂಡಿತ್ತು. ನಾಲ್ಕು ದಿನ ಊರಿನ ಹೆಂಗಸರು ಅದನ್ನು ಕಂಡು ಭಾವನವರನ್ನು ದುರುಗುಟ್ಟಿ ನೋಡಿದರು. ಪಾಪ, ಅವರು ಬಾಗಿಲಲ್ಲಿ ಹೋಗಿ ಬರುವವರಿಗೆಲ್ಲ "ದುರ್ಬೀನು ಬಡಿದದ್ದು, ನಾ ಅಲ್ಲ" ಎಂದು ತಾವಾಗಿಯೇ ಹೇಳತೊಡಗಿದರು. ಹಾಗೆ ಹೇಳಿದ್ದರಿಂದ ನಂಬಿದ್ದವರಿಗೂ ಅನುಮಾನ ಬಂತು.

ಅಕ್ಕ ಮಾತ್ರ ಆಸೆ ಬಿಟ್ಟಳು. ಬಂದೂಕು ಕಪಾಟಿನೊಳಗೆ ಹೋಯಿತು. ಒಲೆಯ ಮುಂದೆ ಕೂತು, "ಆಗಲಿ ಬಿಡು, ನಿನಗೊಂದ್ ಮಿಕ್ಸರ್ ಬೇಕಲ್ಲ," ಎಂದಳು. ನನಗೆ ಅಳು ಬಂತು. ಮಿಕ್ಸರ್ ಬೇಕಿತ್ತು ನಿಜ, ಆದರೆ ಆ ಧ್ವನಿಯಲ್ಲಿ ಬೇಕಿರಲಿಲ್ಲ.

ಒಂದು ಮುಂಜಾನೆ ನಾನು ಹಾಲು ಕಾಸುತ್ತಿದ್ದಾಗ ಅಕ್ಕ ಪೂಜೆಯ ಕೋಣೆಯಿಂದ ಕೂಗಿದಳು. ಪೂಜೆಯ ನಡುವೆ ಆಕೆ ಮಾತಾಡುವುದಿಲ್ಲ, ಮನೆಗೆ ಬೆಂಕಿ ಬಿದ್ದರೂ ಸನ್ನೆ ಮಾಡುತ್ತಾಳೆ. ಏನಾಯಿತೋ ಎಂದು ಓಡಿದೆ. ಅಕ್ಕ ಎಂದಿನಂತೆ ನೆಟ್ಟಗೆ ಕೂತಿದ್ದಳು. ಎಡಗೈಯ ಮೇಲೆ ಲಿಂಗ, ಕೈ ಕಣ್ಣಿನ ಮಟ್ಟಕ್ಕೆ. ದಿನಾ ಹಾಗೆ ಕೂತು ಅದನ್ನೇ ನೋಡುತ್ತಾಳೆ. ಆ ಕೈ ಅಲುಗಿದ್ದನ್ನು ನಾನು ನೋಡಿಲ್ಲ. ನನ್ನ ಕೈಯಾದರೆ ಎರಡು ನಿಮಿಷಕ್ಕೆ ನಡುಗಿ, ಒಲೆಯ ಮೇಲಿನ ಬೇಳೆ ನೆನಪಾಗುತ್ತದೆ.

"ಬಾಜು ನಿಂತ ನೋಡ ಬೇ. ನಾ ಕತ್ತು ಬಗ್ಗಿಸೇನೇನು?"

"ಇಲ್ರಿ."

"ಕಣ್ಣು ಮುಚ್ಚತೇನಿ, ತೆರಿತೇನಿ, ಲಿಂಗ ಎದುರಿಗೇ ಇರ್ತದ. ನಾ ಅದನ್ನ ಹುಡುಕ್ಕೊಂಡ ಹೋಗಂಗಿಲ್ಲ. ದುರ್ಬೀನು ಹಂಗ ಬಂದ ನಿಲ್ಲಬೇಕು. ನಡಿ, ಕಲಬುರ್ಗಿಗೆ ಹೋಗೂಣು."

ಹಾಲು ಉಕ್ಕಿ ಒಲೆಯೆಲ್ಲ ಹಾಳಾಗಿತ್ತು. ಆದರೂ ಹೋದೆವು.

ಶರಫುದ್ದೀನ ಸಾಹೇಬರ ಅಂಗಡಿಗೆ ಇಬ್ಬರು ಹೆಂಗಸರು ಬಂದೂಕಿನ ಚೀಲ ಹೊತ್ತು ಹೋದದ್ದು ಅದೇ ಮೊದಲಿರಬೇಕು. ಅವರು ಎದ್ದು ನಿಂತು ಕುರ್ಚಿ ಕೊಟ್ಟರು. ಅಕ್ಕ ಕುರ್ಚಿ ಸರಿಸಿ ನೆಲಕ್ಕೆ ಜಮಖಾನೆ ಹಾಸಿಸಿದಳು. ಕುದುರೆಯ ಮೇಲಿನ ಕೀಲನ್ನು ಎಳೆದು ಬಂದೂಕು ಖಾಲಿ ಇದೆಯೆಂದು ತೋರಿಸಿ, ಚಕ್ಕಳಮಕ್ಕಳ ಹಾಕಿ ಕೂತಳು.

"ಒಂದೊಂದ ಜೋಡಿ ಹಾಕಿ ಕೊಡ್ರಿ. ಈ ಸಲ ನಾನೇ ಅಳತಿ ಕೊಡತೇನಿ."

"ಗಿಡ್ಡದ್ದು ಒಯ್ದಿದ್ರಲ್ಲಮ್ಮಾ, ಅದೇ ಬೆಹತರ್ ಅಂತಾರ ಎಲ್ಲಾರೂ."

"ಎಲ್ಲಾರೂ ಮಲಗತಾರ್ರಿ. ನಾ ಕುಂದರತೇನಿ."

ಅಕ್ಕ ಕಣ್ಣು ಮುಚ್ಚಿದಳು, ಬಂದೂಕನ್ನು ಹೆಗಲಿಗೆ ತಂದಳು, ಕತ್ತು ತನ್ನ ಪಾಡಿಗೆ ಎಲ್ಲಿ ನಿಂತಿತೋ ಅಲ್ಲಿ ಬಿಟ್ಟು ಕಣ್ಣು ತೆರೆದಳು. ಗಿಡ್ಡ ರಿಂಗಿಗೆ, "ಕತ್ತಲಿ," ಎಂದಳು. ಸಾಹೇಬರು ತಿರುಪುಗಳನ್ನು ಬಿಚ್ಚಿ ನಡುವಿನದನ್ನು ಹಾಕಿದರು. ಮತ್ತೆ ಕಣ್ಣು ಮುಚ್ಚಿ ತೆರೆದಳು. "ಅರ್ಧಾ ಚಂದ್ರ." ಸಾಹೇಬರು ಬೆವರು ಒರೆಸಿಕೊಂಡು ಎತ್ತರದ್ದನ್ನು ಹಾಕಿದರು. ಅಷ್ಟರಲ್ಲಿ ಬೇರೆ ಗಿರಾಕಿಗಳು ಬಂದು ಗೋಡೆಗೆ ಆತು ನಿಂತಿದ್ದರು. ಅಕ್ಕ ಕಣ್ಣು ತೆರೆದಳು. ದುರ್ಬೀನಿನೊಳಗಿಂದ ಗೋಡೆಯ ಕ್ಯಾಲೆಂಡರಿನ ಒಂದೊಂದೇ ತಾರೀಖು ನೋಡಿದಳು.

"ಹುಣ್ಣಿವಿ," ಎಂದಳು.

ಸಾಹೇಬರಿಗೆ ಖುಷಿಯಾಯಿತು, ಆದರೂ ತಮ್ಮ ವ್ಯಾಪಾರದ ಧರ್ಮ ಬಿಡಲಿಲ್ಲ. "ಇಷ್ಟ್ ಎತ್ತರ ಆದ್ರ ಗಲ್ಲಕ್ಕ ಆಸರಾ ಇರಂಗಿಲ್ಲಮ್ಮಾ. ತಲಿ ಪ್ರತಿ ಸಲ ಒಂದೇ ಕಡಿ ನಿಲ್ಲಬೇಕು, ಇಲ್ಲಾಂದ್ರ ಗುಂಡು ದಿಕ್ಕಾಪಾಲು."

"ಅದಕ್ಕ ಈಕಿ ಬಂದಾಳ," ಎಂದು ಅಕ್ಕ ನನ್ನನ್ನು ತೋರಿಸಿದಳು. ನಾನು ಯಾಕೆ ಬಂದಿದ್ದೇನೆ ಎಂದು ನನಗೆ ಗೊತ್ತಾದದ್ದು ಆಗಲೇ.

ಕೌದಿ ಹೊಲಿಯುವುದರಲ್ಲಿ ನನ್ನನ್ನು ಮೀರಿಸುವವರು ಕರಜಗಿಯಲ್ಲಿಲ್ಲ. ಇದು ಜಂಬವಲ್ಲ, ಬೇಕಾದರೆ ಬಂದು ಹೊದ್ದು ನೋಡಲಿ. ಹಳೆಯ ಇಳಕಲ್ ಸೀರೆಯ ತುಂಡುಗಳನ್ನು ಪದರ ಪದರವಾಗಿ ಇಟ್ಟು, ಒತ್ತಾಗಿ ಹೊಲಿಗೆ ಹಾಕಿ, ಅಂಗೈಯಗಲದ ಒಂದು ಪುಟ್ಟ ಕೌದಿ ಮಾಡಿದೆ. ಅದನ್ನು ಬಂದೂಕಿನ ಹಿಂಗಟ್ಟಿಗೆಗೆ ಸುತ್ತಿ ಲಾಡಿ ಬಿಗಿದೆವು. ಗಲ್ಲ ಎಲ್ಲಿ ಕೂರುತ್ತದೋ ನೋಡಿ ಮತ್ತೊಂದು ಪದರ ಸೇರಿಸಿದೆ. ದುರ್ಬೀನನ್ನು ರಿಂಗಿನೊಳಗೆ ಸ್ವಲ್ಪ ಮುಂದಕ್ಕೆ ಸರಿಸಿ, ಹುಬ್ಬಿಗೂ ಅದಕ್ಕೂ ನಡುವೆ ನಾಲ್ಕು ಬೆರಳು ಜಾಗ ಬಿಟ್ಟೆವು. ಒಳಗಿನ ಗೆರೆ ನೆಟ್ಟಗಿದೆಯೋ ನೋಡಲು ಭಾವನವರು ಮಾಡಿನಿಂದ ದಾರಕ್ಕೆ ಕಲ್ಲು ಕಟ್ಟಿ ಇಳಿಬಿಟ್ಟರು. ತಿರುಪುಗಳಲ್ಲಿ ಒಂದನ್ನೇ ಪೂರ್ತಿ ಬಿಗಿಯದೆ, ಆಚೆಯದು ಸ್ವಲ್ಪ ಈಚೆಯದು ಸ್ವಲ್ಪ ಎಂದು ತಿರುಗಿಸಿದೆವು. ದೊಡ್ಡಮಾವನವರು ಕಟ್ಟೆಯ ಮೇಲಿಂದ ಎಲ್ಲವನ್ನೂ ನೋಡಿ, "ಬಂದೂಕಿಗೆ ಕೌದಿ ಹೊಚ್ಚಿದ್ರಿ, ಇನ್ನ ತೊಟ್ಟಲಾ ಕಟ್ರಿ," ಎಂದರು.

ಮುಂದಿನ ಭಾನುವಾರದ ಅಭ್ಯಾಸದಲ್ಲಿ ಗುಂಡುಗಳು ಕಾಗದ ಕಂಡವು. ಎಲ್ಲವೂ ಅಲ್ಲ. ಗಾಳಿ ಬೀಸಿದಾಗ ಒಂದು ತಪ್ಪಿತು. ಆ ಒಂದು ಅಕ್ಕನ ನಿದ್ದೆ ಕೆಡಿಸಿತು, ಅಕ್ಕ ನನ್ನ ನಿದ್ದೆ ಕೆಡಿಸಿದಳು.

ಸ್ಪರ್ಧೆಯ ದಿನ ಖಣಿಯಲ್ಲಿ ಹತ್ತು ಚಾಪೆ ಹಾಸಿದ್ದರು. ಒಂಬತ್ತು ಗಂಡಸರು ಮರಳಿನ ಚೀಲಕ್ಕೆ ಬಂದೂಕು ಆನಿಸಿ ಸಾಲಾಗಿ ಮಲಗಿದರು. ಹತ್ತನೆಯ ಚಾಪೆಯ ಮೇಲೆ ನಮ್ಮ ಅಕ್ಕ ಸೆರಗು ಬಿಗಿದು ಪೂಜೆಗೆ ಕೂತ ಹಾಗೆ ಕೂತಳು. ಯಾರೋ ಹಿಂದಿನಿಂದ ನಕ್ಕರು. ನಾನು ತಿರುಗಿ ನೋಡಿದೆ, ನಗು ನಿಂತಿತು. ಮೇಜಿನ ಮೇಲೆ ಬಹುಮಾನಗಳನ್ನು ಜೋಡಿಸಿದ್ದರು. ತುದಿಯಲ್ಲಿ ಮಿಕ್ಸರ್ ಇತ್ತು, ಮೂರು ಜಾರಿನದು. ಹವಾಲ್ದಾರರು ಅಕ್ಕ ತಪ್ಪಿಯೇ ತಪ್ಪುತ್ತಾಳೆಂದು ಮೊದಲೇ ತಂದಿಟ್ಟಿದ್ದರು.

ನಿಜ ಹೇಳುತ್ತೇನೆ, ಒಂದು ಕ್ಷಣ ನಾನು ಯಾರ ಕಡೆ ಇದ್ದೇನೆಂದು ನನಗೇ ತಿಳಿಯಲಿಲ್ಲ.

ಮೊದಲ ಗುಂಡು ಹಾರಿತು. ಕಾಗದದ ಹತ್ತಿರದ ಗುಂಡಿಯಲ್ಲಿ ಕೂತವರು ಬಾವುಟ ಎತ್ತಿದರು, ಗುಂಡು ಕಾಗದಕ್ಕೆ ಬಿದ್ದಿದೆ ಎಂದರ್ಥ. ಎರಡನೆಯದಕ್ಕೂ ಬಾವುಟ ಬಂತು. ಮೂರನೆಯದಕ್ಕೆ ಅಕ್ಕ ಬಂದೂಕು ಎತ್ತಿದಾಗ ಖಣಿಯೊಳಗೆ ಗಾಳಿ ನುಗ್ಗಿ ಧೂಳು ಎದ್ದಿತು. ಉಳಿದವರು ಹೊಡೆದು ಮುಗಿಸಿದರು. ಅಕ್ಕ ಹೊಡೆಯಲಿಲ್ಲ. ಎಡಗೈಯಲ್ಲಿ ಬಂದೂಕು ಹಾಗೇ ಎತ್ತಿ ಹಿಡಿದು ಗಾಳಿ ಇಳಿಯುವುದನ್ನು ಕಾಯುತ್ತಾ ಕೂತಳು. ಹವಾಲ್ದಾರರು ಗಡಿಯಾರ ನೋಡಿಕೊಂಡರು. ಭಾವನವರು ನನ್ನ ಪಕ್ಕದಲ್ಲಿ ನಿಂತು ತಮ್ಮ ಲಿಂಗವನ್ನು ಮುಷ್ಟಿಯಲ್ಲಿ ಹಿಡಿದುಕೊಂಡಿದ್ದರು. ನನ್ನ ಕೈಯೂ ನನ್ನ ಎದೆಯ ಮೇಲೇ ಇತ್ತು, ಮಿಕ್ಸರ್ ನೆನಪಿರಲಿಲ್ಲ. ಧೂಳು ಕೂತಿತು. ಅಕ್ಕ ಒಮ್ಮೆ ಕಣ್ಣು ಮುಚ್ಚಿ ತೆರೆದು ಕುದುರೆ ಒತ್ತಿದಳು.

ಬಾವುಟ ಬರಲು ತಡವಾಯಿತು. ಆಮೇಲೆ ಬಂತು. ತೂತು ಕಾಗದದ ಅಂಚಿನಲ್ಲಿತ್ತಂತೆ, ಆದರೆ ಕಾಗದದ ಒಳಗೇ ಇತ್ತು.

ನಂತರದ ಸ್ಪರ್ಧೆಯಲ್ಲಿ ಅಕ್ಕ ಹತ್ತು ಗುಂಡು ಹೊಡೆದಳು. ಕೆಲವು ಚೆನ್ನಾಗಿ ಬಿದ್ದವು, ಕೆಲವು ಬೀಳಲಿಲ್ಲ. ಹವಾಲ್ದಾರರು ಹೆಸರು ಓದಿದಾಗ ಅಕ್ಕನದು ನಾಲ್ಕನೆಯದಾಗಿತ್ತು. ಬಹುಮಾನ ಮೂವರಿಗೆ ಮಾತ್ರ. ಆಮೇಲೆ ಅವರು ಅಭ್ಯಾಸಬಲದಿಂದ "ಮಹಿಳಾ ವಿಭಾಗ" ಎಂದು ಕೂಗಿದರು. ಯಾರೂ ಏಳಲಿಲ್ಲ. ಅಕ್ಕ ನನ್ನ ಕೈಯಿಂದ ಶೇಂಗಾ ತೆಗೆದುಕೊಂಡು ತಿನ್ನುತ್ತಾ ಕೂತಿದ್ದಳು. ಹವಾಲ್ದಾರರು ಮೀಸೆ ತಿರುವಿ, ಮಿಕ್ಸರನ್ನು ಎತ್ತಿ ಮತ್ತೆ ತಮ್ಮ ಜೀಪಿನೊಳಗೆ ಇಟ್ಟರು. ಅದು ಹೋಗುವುದನ್ನು ನಾನು ಕೊನೆಯವರೆಗೂ ನೋಡಿದೆ.

ಮನೆಗೆ ಬಂದ ಸಂಜೆ ಅಕ್ಕ ತನ್ನ ಅಡುಗೆಮನೆಯ ಮಿಕ್ಸರನ್ನು ತಂತಿ ಸುತ್ತಿ ತಂದು ನನ್ನ ಒಲೆಯ ಕಟ್ಟೆಯ ಮೇಲಿಟ್ಟಳು.

"ಇದು ನಿಂದೇ ಇರಲಿ ಬೇ. ನೋಡಿದಾಗೆಲ್ಲಾ ನನಗ ಸಿಟ್ಟ ಬರ್ತದ."

ತಾನು ಹೋಗಿ ಹಿತ್ತಲಿನ ಒಳಕಲ್ಲಿನ ಮುಂದೆ ಕೂತು ರೊಟ್ಟಿಗೆ ಹಚ್ಚಿಕೊಳ್ಳುವ ಶೇಂಗಾ ಹಿಂಡಿ ಕುಟ್ಟತೊಡಗಿದಳು. ನಾನು ಮಿಕ್ಸರ್ ಹಚ್ಚಲಿಲ್ಲ. ಹೋಗಿ ಎದುರಿಗೆ ಕೂತು ಬೆಳ್ಳುಳ್ಳಿ ಸುಲಿದೆ. ಅಕ್ಕ ಕುಟ್ಟುತ್ತಲೇ ಗೆದ್ದ ಮೂವರ ಹೆಸರನ್ನೂ, ಅವರವರ ಊರನ್ನೂ ಸಹಿತ ಹೇಳಿದಳು. ಹೇಳಿ ಮುಗಿಸಿ ಹಣೆಯ ಮೇಲಿನ ಬೆವರು ಒರೆಸಿಕೊಂಡಳು. ಹುಬ್ಬಿನ ಮೇಲಿನ ಗಾಯ ಅಷ್ಟರಲ್ಲಿ ಮಾಯುತ್ತಾ ಬಂದಿತ್ತು.

"ನನ್ನ ಮುಂದ ಮೂರ್ ಮಂದಿ ಅದಾರ, ನಾಗರತ್ನಾ," ಎಂದಳು. ಮೂರು ಮಿಕ್ಸರ್ ಬಂದಾಗಲೂ ನಾನು ಆ ಮುಖದಲ್ಲಿ ಅಷ್ಟು ಖುಷಿ ನೋಡಿರಲಿಲ್ಲ.